ಅಯ್ಯರ ನಿಲುವಂಗಿಗೆ ಅಜ್ಜಿಯ ಅರಿಶಿನ

ಚಿಕ್ಕಂದಿನಲ್ಲಿ ನನಗೆ ಪಾದ್ರಿಯಾಗುವ ಆಸೆಯಿತ್ತು. ಸೇಲಂನ ನೇಕಾರರ ಬೀದಿಯಲ್ಲಿ, ಚೌಡಮ್ಮನಿಗೆ ನಡೆದುಕೊಳ್ಳುವ ಮನೆಯಲ್ಲಿ ಹುಟ್ಟಿದವನಿಗೆ ಇದೆಂಥ ಆಸೆ ಎನ್ನಬೇಡಿ. ಕಾರಣ ಭಕ್ತಿಯಲ್ಲ, ಶುದ್ಧ ಸೋಮಾರಿತನ. ಅಪ್ಪ ವಾರವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಿದ್ದರು. ಎದುರು ಬಂಗಲೆಯ ಪಾದ್ರಿಗೆ ಭಾನುವಾರ ಒಂದೇ ದಿನ ಕೆಲಸ ಎಂದು ನಾನು ಬಲವಾಗಿ ನಂಬಿದ್ದೆ.

ನಮ್ಮ ಕಡೆ ಆ ಚರ್ಚಿನ, ಅವರ ಮಾತಿನಲ್ಲಿ ‘ಸಭೆ’ಯ, ಪಾದ್ರಿಗಳನ್ನು ಅಯ್ಯರು ಎನ್ನುತ್ತಾರೆ, ಅವರ ಹೆಂಡತಿ ಅಯ್ಯರಮ್ಮ. ಪಾದ್ರಿಗಳೆಲ್ಲ ಬ್ರಹ್ಮಚಾರಿಗಳು ಎಂದುಕೊಂಡಿದ್ದ ನನ್ನಜ್ಜಿಗೆ, ಇಂಗ್ಲಿಷರು ಕಟ್ಟಿದ ಈ ಸಭೆಯಲ್ಲಿ ಅವರಿಗೂ ಹೆಂಡತಿ ಮಕ್ಕಳುಂಟು ಎಂದು ತಿಳಿದಾಗ ದೊಡ್ಡ ಸಮಾಧಾನವಾಯಿತು. ಒಲೆ ಹೊತ್ತುವ ಮನೆಯಾದರೆ ಸಾರು ಕೊಟ್ಟು ತರಬಹುದಲ್ಲ!

ನಮ್ಮೆದುರಿನ ಅಯ್ಯರು ಕಂಬೈನಲ್ಲೂರಿನಿಂದ ವರ್ಗವಾಗಿ ಬಂದವರು. ತೊಪ್ಪೂರು ಘಾಟಿ ಇಳಿದು ಬಂದ ಲಾರಿಯಲ್ಲಿ ಅವರದೆಂದು ಇದ್ದದ್ದು ಪಾತ್ರೆ, ಪುಸ್ತಕ, ಹಾಸಿಗೆ ಅಷ್ಟೆ. ಬಂಗಲೆ, ಮಂಚ, ಕೊನೆಗೆ ಕರಿಬೇವಿನ ಗಿಡ ಕೂಡ ಸಭೆಯದು. ಅವರ ಮಗಳು ಬ್ಯೂಲಾಳನ್ನು ನಿಮ್ಮೂರು ಯಾವುದೆಂದು ಕೇಳಿದರೆ ಅವಳು ಅಮ್ಮನ ಮುಖ ನೋಡುತ್ತಿದ್ದಳು. ಇನ್ನು ಅಯ್ಯರ ಕೆಲಸ? ಅವರು ತಟ್ಟೆಯ ಮುಂದೆ ಕೂತರೆ ಸಾಕು, ಯಾರದೋ ಮನೆಯ ಜ್ವರವೋ ಜಗಳವೋ ಬಾಗಿಲು ತಟ್ಟುತ್ತಿತ್ತು. ಒಂದೇ ಅನ್ನವನ್ನು ಅಯ್ಯರಮ್ಮ ಮತ್ತೆ ಮತ್ತೆ ಬಿಸಿ ಮಾಡುವುದನ್ನು ನೋಡಿ ನನ್ನ ಆಸೆಯನ್ನು ಅಲ್ಲಿಗೇ ಕೈಬಿಟ್ಟೆ.

ಅಯ್ಯರ ಬಿಳಿ ನಿಲುವಂಗಿ ತೇಪೆಗಳ ದಯೆಯಿಂದ ನಿಂತಿತ್ತು. ತಣ್ಣನೆಯ ದೇಶದವರು ಕಂಡುಹಿಡಿದ ಆ ಉಡುಪನ್ನು ನಮ್ಮ ಸೇಲಂ ಬಿಸಿಲಿನಲ್ಲಿ ತೊಡುವುದೇ ಒಂದು ತಪಸ್ಸು. ಅದು ಹಗ್ಗದ ಮೇಲೆ ಒಣಗುವುದನ್ನು ಕಂಡ ಅಜ್ಜಿ ಸುಮ್ಮನಿರಲಿಲ್ಲ. ಅಪ್ಪನಿಂದ ತೆಳುವಾದ ಬಿಳಿ ಬಟ್ಟೆ ನೇಯಿಸಿದಳು. ಕೊಡುವ ಮುಂಚೆ, ಯಾವ ಹೊಸ ಬಟ್ಟೆಗೂ ಮಾಡುವಂತೆ, ಮೂಲೆಗೆ ಅರಿಶಿನ ಹಚ್ಚಿದಳು. ಟೈಲರ್ ಒಂದು ಚೂರೂ ಹಾಳು ಮಾಡದೆ ಹೊಲಿದ. ಆ ಮೂಲೆ ಬಲತೋಳಿನ ತುದಿಗೆ ಬಂತು.

ಭಾನುವಾರ ನಾನೂ ಬ್ಯೂಲಾಳ ಪಕ್ಕ ಹಿಂದಿನ ಬೆಂಚಿನಲ್ಲಿದ್ದೆ. ಕೊನೆಯಲ್ಲಿ ಅಯ್ಯರು ಆಶೀರ್ವಾದ ಹೇಳಲು ಕೈಯೆತ್ತಿದರು. ಕಣ್ಣು ಮುಚ್ಚಬೇಕಾದವರೆಲ್ಲ ಕಣ್ಣು ಬಿಟ್ಟು ಆ ಹಳದಿ ಗುರುತನ್ನೇ ನೋಡಿದರು.

ಸಭೆಯ ಹಿರಿಯರೊಬ್ಬರು, ಮುಂದಿನ ವಾರ ಬಿಷಪ್ ಬರುವಾಗ ಈ ಅಂಗಿ ಕಂಡರೆ ದೂರು ಕೊಡುವುದಾಗಿ ಹೇಳಿ ಹೋದರು. ಗಾಬರಿಯಾದ ಅಯ್ಯರಮ್ಮ ಸೋಪು ಹಾಕಿ ಉಜ್ಜಿದರು. ಸೋಪು ತಗುಲಿದರೆ ಅರಿಶಿನ ಕೆಂಪಾಗುತ್ತದೆ ಎಂಬ ರಸಾಯನಶಾಸ್ತ್ರ ನಮ್ಮ ಬೀದಿಯ ಹೆಂಗಸರಿಗೆಲ್ಲ ಗೊತ್ತು, ಗಾಬರಿಯಲ್ಲಿ ಅವರಿಗೆ ನೆನಪಾಗಲಿಲ್ಲ. ಬರೀ ಅರಿಶಿನವಿದ್ದ ಕಡೆ ಈಗ ಕುಂಕುಮವೂ ಇಟ್ಟಂತಾಯಿತು.

ಸುದ್ದಿ ಕೇಳಿದ ಅಜ್ಜಿಗೆ ಅನ್ನ ಇಳಿಯಲಿಲ್ಲ. ಅಯ್ಯರನ್ನು ಕೆಲಸದಿಂದ ತೆಗೆದರೆ ಆ ಮೂವರು ಎಲ್ಲಿಗೆ ಹೋಗಬೇಕು, ಅವರಿಗೆ ಸ್ವಂತಕ್ಕೊಂದು ಗುಡಿಸಲೂ ಇಲ್ಲವಲ್ಲ ಎಂದು ಅತ್ತಳು. ನನ್ನ ಕೈ ಹಿಡಿದುಕೊಂಡು ಬಂಗಲೆಗೆ ಹೋದರೆ ಜಗಲಿಯಲ್ಲಿ ಆ ಹಿರಿಯರೂ ಇದ್ದರು.

“ಅದ ತಂದ್ಬುಡು ಕಣ್ಣು, ಬೇರೆ ನೇಯ್ಸಿ ಕೊಡ್ತೀನಿ,” ಎಂದಳು ಅಯ್ಯರಮ್ಮನಿಗೆ; ಪ್ರೀತಿ ಬಂದರೆ ಅಜ್ಜಿಗೆ ಎಲ್ಲರೂ ‘ಕಣ್ಣು’.

ಅರಿಶಿನ ಯಾಕೆ ಹಚ್ಚಿದಿರಿ ಎಂದು ಅಯ್ಯರು ಮೆಲ್ಲಗೆ ಕೇಳಿದರು.

“ತೊಟ್ಟೋರು ಚೆಂದಾಗಿರ್ಲಿ ಅಂತ. ಇನ್ನೇನೈತೆ ಅದ್ರಾಗೆ?”

ಸಭೆಯ ವಿಷಯದಲ್ಲಿ ಎಂದೂ ಬಾಯಿ ಹಾಕದ ಅಯ್ಯರಮ್ಮ ಆಗ ಹಿರಿಯರ ಕಡೆ ತಿರುಗಿದರು. ತಮಿಳಿನಲ್ಲಿ ಅವರು ಹೇಳಿದ್ದನ್ನು ನಮ್ಮ ಮಾತಿಗೆ ತಂದರೆ ಇಷ್ಟು: “ಪ್ರತಿ ವಾರ ಇವರು ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ ಅಂತಾರೆ. ಇವರಿಗೆ ಒಳ್ಳೆಯದಾಗಲಿ ಅಂದೋರು ಇದುವರೆಗೆ ಈ ಅಜ್ಜಿ ಒಬ್ಬರೇ.”

ಹಿರಿಯರು ಚಪ್ಪಲಿ ಮೆಟ್ಟಿಕೊಂಡರು. ಬಿಷಪ್ ಬಂದ ದಿನ ಅಯ್ಯರು ಅದೇ ಅಂಗಿ ತೊಟ್ಟರು. ದೂರು ಹೋಗಲಿಲ್ಲ. ಬಿಷಪ್ ಗುರುತು ನೋಡಿದರೋ ಇಲ್ಲವೋ, ಊಟ ಚೆನ್ನಾಗಿತ್ತು ಎಂದರಂತೆ.

ಸೋಪು ಕೆಂಪು ಮಾಡಿದ್ದನ್ನು ನೀರು ಹಳದಿ ಮಾಡಿತು, ಹಳದಿಯನ್ನು ಬಿಸಿಲು ತಿಂದಿತು. ಕೆಲವು ವರ್ಷಗಳ ಮೇಲೆ ಅವರಿಗೆ ಮತ್ತೆ ವರ್ಗವಾಯಿತು. ಲಾರಿ ನಿಂತಿತ್ತು. ಅಯ್ಯರಮ್ಮ ನಮ್ಮ ಮನೆಗೆ ಬಂದರು, ಕೈಯಲ್ಲಿ ಆ ನಿಲುವಂಗಿ. ಬಲತೋಳಿನ ತುದಿಯ ಮಡಿಕೆಯ ಹೊಲಿಗೆ ಬಿಚ್ಚಿ, ಒಳಮಗ್ಗುಲನ್ನು ಅಜ್ಜಿಯ ಮುಂದೆ ಹಿಡಿದರು.

“ಇಲ್ಲಿ ಹಚ್ಚಿ ಅಜ್ಜಿ. ಹೊಲಿದುಬಿಡ್ತೀನಿ.”

ಅಜ್ಜಿ ಎದ್ದು ಕೈ ತೊಳೆದುಕೊಂಡು ಬಂದಳು.