ನಿಲ್ಲದ ಸರೋವರದ ಟಿಲ್ಕಾ

ಟಿಲ್ಕಾ ಮದುವೆಯಾಗಿ ಬಂದದ್ದು ಅರವತ್ತನಾಲ್ಕರ ಆಗಸ್ಟ್‌ನಲ್ಲಿ. ಸ್ಲೊವೇನಿಯಾದ ಕಡಲಂಚಿನ ಉಪ್ಪಿನ ಗದ್ದೆಗಳಲ್ಲಿ ಅವಳ ತಂದೆಯ ಕೆಲಸ. ಅಲ್ಲಿ ನೀರೆಂದರೆ ಹೇಳಿದ ಮಾತು ಕೇಳುವ ಪದಾರ್ಥ. ತೂಬು ತೆಗೆದರೆ ಗದ್ದೆಗೆ ಬರಬೇಕು, ಮುಚ್ಚಿದರೆ ನಿಲ್ಲಬೇಕು. ಬಂದರಿಗೆ ಮರದ ದಿಮ್ಮಿ ಸಾಗಿಸುತ್ತಿದ್ದ ಲಾರಿ ಡ್ರೈವರ್ ವಿಂಕೊ ಒಂದು ವರ್ಷ ಅವಳ ಹಿಂದೆ ಸುತ್ತಿ, "ನಮ್ಮನೆ ಕೆರೆ ದಂಡೇಲೇ ಇದೆ. ಕಿಟಕಿ ತೆಗೆದ್ರೆ ನೀರು. ನಿಂಗೆ ಸಮುದ್ರದ ನೆನಪೇ ಆಗಲ್ಲ ನೋಡು," ಎಂದು ಒಪ್ಪಿಸಿದ್ದ.

ವಿಂಕೊನ ಊರಿದ್ದ ತ್ಸೆರ್ಕ್ನಿತ್ಸಾ ಬಯಲಿಗೆ ಬಂದ ಮಾರನೆಯ ಬೆಳಗ್ಗೆ ಕಿಟಕಿ ತೆಗೆದರೆ ಕಂಡದ್ದು ಹುಲ್ಲು. ಕಣ್ಣು ಹಾಯುವಷ್ಟು ದೂರವೂ ಹುಲ್ಲು, ಅದನ್ನು ಕೊಯ್ಯುತ್ತಿರುವ ಜನ. ಕೊಟ್ಟಿಗೆಯ ಪಕ್ಕ ಉದ್ದನೆಯ ದೋಣಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಅತ್ತೆ ಊರ್ಷಾ ಬೀನ್ಸ್ ಒಣಗಲು ಹಾಕಿದ್ದಳು.

"ಕೆರೆ ಎಲ್ಲಿ?" ಎಂದಳು ಟಿಲ್ಕಾ.

"ಹೋಗಿದೆ," ಎಂದ ವಿಂಕೊ.

"ಹೋಗಿದ್ಯಾ? ಎಲ್ಲಿಗೆ? ಪೇಟೆಗಾ?"

"ನೆಲದೊಳಕ್ಕೆ. ಅಕ್ಟೋಬರ್ ಮಳೆ ಹಿಡೀಲಿ, ಬರುತ್ತೆ."

ಮೋಸಹೋದೆನೆಂದೇ ಟಿಲ್ಕಾ ತಿಳಿದಳು. ಆರು ವಾರ ಗಂಡನೊಡನೆ ನೇರ ಮಾತಿಲ್ಲ. ಊಟಕ್ಕೆ ಕೂತಾಗ, "ಅತ್ತೆ, ಬ್ರೆಡ್ ಈ ಕಡೆ ಕೊಡೋಕೆ ಹೇಳಿ ಅವರಿಗೆ," ಎನ್ನುವಳು.

"ನಾನೇನು ಅಂಚೆ ಡಬ್ಬಾನಾ?" ಎಂದು ಊರ್ಷಾ ನಗುವಳು. "ಎದುರಿಗೇ ಕೂತಿದಾನಲ್ಲ, ನೀನೇ ಬೈಯಿ. ನಂಗೂ ಕೇಳೋಕೆ ಚೆನ್ನಾಗಿರುತ್ತೆ."

ಅಕ್ಟೋಬರ್‌ನಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು. ನಾಲ್ಕನೆಯ ಬೆಳಗ್ಗೆ ನೆಲದಡಿಯಿಂದ, ದೂರದಲ್ಲಿ ಬಂಡಿಗಳು ಸಾಲಾಗಿ ಹೋದಂಥ ಸದ್ದು. ಬಯಲಿನಲ್ಲಿ ಅಲ್ಲಲ್ಲಿ ಬಾಯ್ದೆರೆದಿದ್ದ ಗುಂಡಿಗಳಿಂದ ನೀರು ಉಕ್ಕುತ್ತಿತ್ತು. ಎರಡು ದಿನ ಕಳೆಯುವಷ್ಟರಲ್ಲಿ, ಅವಳು ಹುಲ್ಲು ಗುಡ್ಡೆ ಹಾಕಿದ್ದ ಜಾಗದ ಮೇಲೆ ಮೀನು ಈಜುತ್ತಿತ್ತು. ವಿಂಕೊ ದೋಣಿಯನ್ನು ಮಗುಚಿ ನೀರಿಗಿಳಿಸಿದ. ಕರೆಯುವ ಮೊದಲೇ ಅವಳು ಹತ್ತಿ ಕೂತಳು.

"ಹೇಳೋದಾದ್ರೆ ಪೂರ್ತಿ ಹೇಳ್ಬೇಕಿತ್ತು ನೀನು," ಎಂದಳು.

"ಪೂರ್ತಿ ಹೇಳಿದ್ರೆ ಬರ್ತಿದ್ಯಾ?"

ಬರುತ್ತಿರಲಿಲ್ಲ. ಅವಳು ಹುಟ್ಟನ್ನು ಕೈಗೆತ್ತಿಕೊಂಡಳು.

ಕೆಲವು ವರ್ಷಗಳಲ್ಲಿ ಅವಳಿಗೆ ಈ ಲೆಕ್ಕ ರೂಢಿಯಾಯಿತು. ಚಳಿಗಾಲಕ್ಕೆ ಮೀನು, ಬೇಸಿಗೆಗೆ ಹುಲ್ಲು. ಒಂದೇ ನೆಲ, ಎರಡು ಸಂಸಾರ. ಅಷ್ಟರಲ್ಲಿ ನಗರದಿಂದ ಎಂಜಿನಿಯರುಗಳು ಬಂದರು. ನೀರನ್ನು ನುಂಗುವ ಗುಹೆಗಳ ಬಾಯಿಗೆ ಗೋಡೆ ಕಟ್ಟಿದರೆ ಸರೋವರ ವರ್ಷವಿಡೀ ನಿಲ್ಲುತ್ತದೆ ಎಂದರು. ಪುಟ್ಟ ರೈಲಿನಲ್ಲಿ ಕೂತು ನೋಡುವ ಗವಿಗಳು, ಬಂಡೆಯ ಬಾಯಲ್ಲಿ ಕಟ್ಟಿದ ಕೋಟೆ, ನಡುಗಡ್ಡೆಯಲ್ಲಿ ಚರ್ಚು ಇರುವ ಉತ್ತರದ ಸರೋವರ, ಇವುಗಳನ್ನು ನೋಡಲು ಬರುವ ಜನ ಇಲ್ಲಿಗೂ ಬರುತ್ತಾರೆ ಎಂದರು. ವಿಂಕೊ ಲಾರಿ ಬಿಟ್ಟು ಗೋಡೆಯ ಕೆಲಸಕ್ಕೆ ಸೇರಿಕೊಂಡ.

"ಹುಲ್ಲಿಗೇನು ಮಾಡ್ತೀಯ? ದನಕ್ಕೆ ಸಿಮೆಂಟ್ ಹಾಕ್ತೀಯಾ?" ಎಂದು ಟಿಲ್ಕಾ ಕೆರಳಿದಳು.

"ತೂಬಿನ ಊರವಳು ನೀನು. ನೀನೇ ಹೀಗಂದ್ರೆ?"

"ನಮ್ಮಪ್ಪ ತೂಬು ಹಾಕ್ತಿದ್ದದ್ದು ಕಣ್ಣಿಗೆ ಕಾಣೋ ನೀರಿಗೆ. ಕೆಳಗೇನಿದೆ ಅಂತ ನಿಮ್ಮ ಎಂಜಿನಿಯರು ಇಳಿದು ನೋಡಿದಾನಾ?"

ಗೋಡೆ ಎದ್ದಿತು. ಮೊದಲ ಬೇಸಿಗೆ ನೀರು ತಡವಾಗಿ ಇಳಿದು ಹುಲ್ಲು ಕೊಳೆಯಿತು. ಮೇವಿಲ್ಲದೆ ಒಂದು ಹಸುವನ್ನು, ಪಕ್ಕದ ಕಣಿವೆಗೆ ಮದುವೆಯಾಗಿ ಬಂದಿದ್ದ ಟಿಲ್ಕಾಳ ತಂಗಿಯ ಮನೆಗೆ ಸಾಗಿಸಬೇಕಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಗೋಡೆ ಇದ್ದಂತೆಯೇ ಇತ್ತು, ನೀರು ಮಾತ್ರ ಹತ್ತೇ ದಿನಗಳಲ್ಲಿ ಕಾಣೆಯಾಯಿತು. ಯಾರೂ ಎಣಿಸದ ನೂರಾರು ಬಿರುಕುಗಳಿಂದ ಅದು ತನ್ನ ದಾರಿ ಹಿಡಿದಿತ್ತು.

ಆ ಸಂಜೆ ಪಾನಗೃಹದಲ್ಲಿ ಅದರ ಮಾಲೀಕ ಲುಡ್ವಿಕ್ ಎಲ್ಲರಿಗೂ ಕೇಳುವಂತೆ, "ಏನಪ್ಪಾ ವಿಂಕೊ, ಜರಡಿಗೆ ಬಿರಡೆ ಹಾಕೋಕೆ ಹೋಗಿದ್ಯಂತೆ!" ಎಂದ. ವಿಂಕೊ ಪ್ಲಮ್ ಸಾರಾಯಿಯ ಲೋಟವನ್ನು ಮುಟ್ಟದೆ ಎದ್ದುಬಂದ. ಮಾರನೆಯ ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಟಿಲ್ಕಾ ಎರಡು ತೊಟ್ಟಿಗಳನ್ನು ಹಾಸಿಗೆಯ ಪಕ್ಕಕ್ಕೇ ತಂದು ದಡ್ಡನೆ ಇಟ್ಟಳು.

"ಏಳು. ಮೀನು ಸಾಯ್ತಿದಾವೆ. ನಾಚಿಕೆ ಆಮೇಲೆ ಪಡುವಂತೆ."

ಬಯಲಿನಲ್ಲಿ ಉಳಿದದ್ದು ಸಣ್ಣ ಸಣ್ಣ ಹೊಂಡಗಳು. ಒಂದೊಂದರಲ್ಲೂ ಬೆನ್ನಿಗೆ ಬೆನ್ನು ತಾಗಿ ಒದ್ದಾಡುವ ಮೀನುಗಳು. ಊರಿಗೆ ಊರೇ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಾಚಿ ಬಾಚಿ ತೊಟ್ಟಿಗೆ ತುಂಬಿ, ಬೇಸಿಗೆಯಲ್ಲೂ ಬತ್ತದ ತೊರೆಯ ಮಡುವಿಗೆ ಸಾಗಿಸುತ್ತಿತ್ತು. ಲುಡ್ವಿಕ್ ಕೂಡ ಅಲ್ಲಿದ್ದ. ತೊಟ್ಟಿಯ ಇನ್ನೊಂದು ಕಿವಿ ಹಿಡಿದು ವಿಂಕೊನೊಂದಿಗೆ ಹೊತ್ತ.

ಮಧ್ಯಾಹ್ನ ಗಂಡಹೆಂಡಿರಿಬ್ಬರೇ ಒಂದು ಹೊಂಡದಲ್ಲಿ ಬಗ್ಗಿದ್ದಾಗ ವಿಂಕೊ ತಲೆಯೆತ್ತದೆ, "ನಿಂಗೋಸ್ಕರ ಹೋಗಿದ್ದೆ ಆ ಕೆಲಸಕ್ಕೆ. ಕಿಟಕಿ ತೆಗೆದ್ರೆ ನೀರು ಅಂದಿದ್ನಲ್ಲ," ಎಂದ.

ಅವಳ ಕೈಯಲ್ಲಿದ್ದ ಲೋಳೆಮೈಯ ಮೀನು ಜಾರಿ ಕೆಸರಿಗೆ ಬಿತ್ತು. ಅದನ್ನು ಮತ್ತೆ ಹಿಡಿಯುವುದೇ ದೊಡ್ಡ ಕೆಲಸವೆಂಬಂತೆ ಬಹಳ ಹೊತ್ತು ತಡಕಾಡಿದಳು. ಇಷ್ಟು ವರ್ಷ ತಾನು ಆ ಮಾತನ್ನು ಮರೆತೇಬಿಟ್ಟಿದ್ದೆ, ಇವನು ಮಾತ್ರ ಹೊತ್ತುಕೊಂಡೇ ತಿರುಗಿದನಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು.

ಎಷ್ಟೋ ವರ್ಷಗಳ ಮೇಲೆ ಗೋಡೆಯನ್ನು ಒಡೆದು ನೀರಿಗೆ ದಾರಿ ಬಿಟ್ಟರು. ಕಟ್ಟಿದ ವಿಂಕೊನೇ ಹಾರೆ ಹಿಡಿದು ಒಡೆಯಲೂ ಹೋದ. ಎಂಜಿನಿಯರುಗಳು ಹೇಳಿದ್ದ ಪ್ರವಾಸಿಗಳು ಆಗ ಬರತೊಡಗಿದರು. ಕೈಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿ, ಬರುವುದು ಸರಿಯಾಗಿ ಆಗಸ್ಟ್‌ನಲ್ಲಿ. ವಿಂಕೊ ಹುಲ್ಲಿನ ನಡುವೆ ನಿಂತು ಎರಡೂ ಕೈ ಚಾಚಿ ನೀರು ಎಲ್ಲಿಂದೆಲ್ಲಿಗೆ ಬರುತ್ತದೆಂದು ತೋರಿಸುವನು. ಒಮ್ಮೆ ಒಬ್ಬ ಹೆಂಗಸು ಸಿಟ್ಟಿಗೆದ್ದಳು: "ಬೇರೆ ಕಡೆ ಇರೋದನ್ನ ತೋರಿಸಿದ್ರು. ನೀವು ಇಲ್ಲದ್ದನ್ನ ತೋರಿಸ್ತಿದೀರಲ್ಲ!"

"ಬಾರಮ್ಮ ನನ್ನ ಜೊತೆ," ಎಂದು ಟಿಲ್ಕಾ ಅವಳನ್ನು ಒಂದು ಗುಂಡಿಯ ಅಂಚಿಗೆ ಕರೆದೊಯ್ದು ಬೋರಲು ಮಲಗಿಸಿದಳು. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ತುಂಬಾ ಕೆಳಗೆ, ಕತ್ತಲಲ್ಲಿ, ನೀರು ಹರಿಯುವ ಸದ್ದು. ಆ ಹೆಂಗಸು ಅರ್ಧ ಗಂಟೆ ಏಳಲೇ ಇಲ್ಲ. ಎದ್ದಾಗ ಬಟ್ಟೆಯ ಹುಲ್ಲನ್ನು ಕೊಡವಿಕೊಳ್ಳುವುದನ್ನೂ ಮರೆತಿದ್ದಳು.

ವಿಂಕೊನ ಬದುಕಿನ ಕಡೆಯ ಮಾರ್ಚ್‌ನಲ್ಲಿ ಹಿಮ ಕರಗಿ ನೀರು ಏರುತ್ತಿತ್ತು. ಅವನಿಗೆ ತಲೆ ಎತ್ತಿ ನೋಡುವಷ್ಟೂ ಶಕ್ತಿಯಿಲ್ಲ. ದಿನಾ ಬೆಳಗ್ಗೆ, "ಎಲ್ಲೀವರೆಗೆ ಬಂದಿದೆ?" ಎನ್ನುವನು. ಬೇಲಿವರೆಗೆ, ಹಾದಿವರೆಗೆ ಎಂದು ಅವಳು ಹೇಳುವಳು. ಒಂದು ದಿನ ಅವನ ಮುಖ ನೋಡಲಾರದೆ, "ಕೊಟ್ಟಿಗೆ ಪಕ್ಕದ ಪಿಯರ್ ಮರದ ಬುಡಕ್ಕೇ ಬಂದುಬಿಟ್ಟಿದೆ," ಎಂದಳು.

"ಸುಳ್ಳಿ," ಎಂದು ವಿಂಕೊ ನಕ್ಕ. "ಅಲ್ಲೀವರೆಗೆ ಬಂದಿದ್ರೆ ಕೊಟ್ಟಿಗೇಲಿ ದನ ಕೂಗ್ತಿದ್ವು."

ಎರಡು ದಿನದ ಮೇಲೆ ಅವನು ತೀರಿಕೊಂಡ. ಊರಿನವರು ಅವನನ್ನು ದಿಬ್ಬದ ಮೇಲಿನ ಚರ್ಚಿನ ಅಂಗಳಕ್ಕೆ ಹೊತ್ತೊಯ್ದರು. ಅಲ್ಲಿಗೆ ನೀರು ಎಂದೂ ಏರಿದ್ದಿಲ್ಲ.

ಈಗ ಟಿಲ್ಕಾಗೆ ಎಂಬತ್ತು ದಾಟಿದೆ. ಹುಲ್ಲು ಕೊಯ್ಯುವ ಯಂತ್ರವನ್ನು ಸೊಸೆ ನೆವೆಂಕಾ ನಡೆಸುತ್ತಾಳೆ. ಯಂತ್ರಕ್ಕೆ ಸಿಗದ ಗುಂಡಿಯಂಚಿನ ಹುಲ್ಲನ್ನು ಮಾತ್ರ ಟಿಲ್ಕಾ ಕುಡುಗೋಲು ಹಿಡಿದು ತಾನೇ ಕೊಯ್ಯುತ್ತಾಳೆ. "ಬಿಡಿ ಅತ್ತೆ, ಕಾಲು ಜಾರೀತು," ಎಂದು ನೆವೆಂಕಾ ಗದರುತ್ತಾಳೆ. ಟಿಲ್ಕಾ ಬಿಡುವುದಿಲ್ಲ. ಕೊಯ್ದು ಮುಗಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ಕೂರುತ್ತಾಳೆ. ಕೆಳಗಿನ ಗಾಳಿ ಬೆವರಿಗೆ ಹಿತವಾಗಿರುತ್ತದೆ.