ಷರಬತ್ತಿನ ಅಕ್ಕ

ಊರಿಡೀ ಕುಡಿಯುವ ಶುಂಠಿ ಷರಬತ್ತಿನ ಹದ ಕಂಡುಹಿಡಿದವಳು, ಕಾರ್ಖಾನೆಯವರೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸು. ಬಾಟಲಿಯ ಮೇಲಿದ್ದದ್ದು ಮಾತ್ರ ಹಳೆಯ ಯಜಮಾನರ ಚಿತ್ರ. ಮೂವತ್ತೆರಡು ವರ್ಷ, ಅವಳು ಒಂದು ಹನಿ ಸವಿದು ತಲೆಯಾಡಿಸಿದ ಮೇಲೆಯೇ ಹಂಡೆಯಿಂದ ಬಾಟಲಿಗೆ ತುಂಬುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಜ್ವರ ಬಿಟ್ಟಾಗ ಅವಳ ನಾಲಿಗೆಯ ರುಚಿಯೂ ಹೋಗಿತ್ತು. ಉಪ್ಪು, ಸಕ್ಕರೆ ಎರಡೂ ಬರೀ ಮರಳು. ಎರಡು ತಿಂಗಳು ಸುಮ್ಮನೆ ತಲೆಯಾಡಿಸಿದಳು. ಕೊನೆಗೆ ತಡೆಯಲಾರದೆ ಚಿಕ್ಕ ಯಜಮಾನನ ಕೋಣೆಗೆ ಹೋದಳು.

“ನನಗೆ ರುಚಿನೇ ಗೊತ್ತಾಗ್ತಿಲ್ಲಪ್ಪ. ಬೇರೆ ಯಾರನ್ನಾದ್ರೂ ನೋಡ್ಕೊ. ನಾನು ತಂಗಿ ಮನೆಗೆ ಹೋಗಿಬಿಡ್ತೀನಿ.”

ಅವನು ಎದ್ದು ಬಾಗಿಲು ಹಾಕಿದ. “ಯಾರ ಹತ್ರಾನೂ ಬಾಯಿ ಬಿಡಬೇಡಿ ಅಕ್ಕ. ಹದ ನೋಡೋದು ನೀವೇ ಅಂತ ಅಂಗಡಿಯವರಿಗೆಲ್ಲ ಗೊತ್ತು. ನೀವಿಲ್ಲ ಅಂದ್ರೆ ಒಂದು ಬಾಟಲಿನೂ ಎತ್ತಲ್ಲ.”

“ಹದ ಕೆಟ್ಟಿದ್ರೆ?”

“ಎರಡು ತಿಂಗಳಲ್ಲಿ ಯಾರಾದ್ರೂ ಕೆಟ್ಟಿದೆ ಅಂದ್ರಾ?”

ಯಾರೂ ಅಂದಿರಲಿಲ್ಲ. ಅದೇ ಅವಳ ಎದೆಗೆ ನಾಟಿತು.

ಹೊರಗೆ ಹಂಡೆಯ ಸುತ್ತ ಹೆಂಗಸರು ಕಾಯುತ್ತಿದ್ದರು. ಒಬ್ಬಳು ಸೌಟು ಮುಂದೆ ಹಿಡಿದಳು. ಅಕ್ಕ ಸವಿದು, ಬಾಯಿಗೆ ಬಂದದ್ದನ್ನು ಹೇಳಿದಳು: “ಶುಂಠಿ ಸಾಲದು, ಇನ್ನೂ ಅಷ್ಟೇ ಹಾಕಿ.”

ಒಬ್ಬರಾದರೂ ‘ಬೇಡಕ್ಕ, ಖಾರ ಆಗುತ್ತೆ’ ಎನ್ನಲಿ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹೆಂಗಸರು ಆಗಲೇ ಕೂತು ಶುಂಠಿ ಜಜ್ಜತೊಡಗಿದ್ದರು.