ಗಿರಿಜಮ್ಮನ ದನಿ ಕೇಳಿದ ಮಧ್ಯಾಹ್ನ

ದೆವ್ವ, ಮಾಯೆ, ಕನಸಿನಲ್ಲಿ ಬಂದು ಹೇಳಿದರು ಎನ್ನುವ ಮಾತು ಶುರುವಾದರೆ ನಾನು ಎದ್ದು ಹೋಗುತ್ತಿದ್ದೆ. ನಾಟಕದವರ ನಡುವೆ ನಲವತ್ತು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದವನು ನಾನು. ಪರದೆಯ ಹಿಂದೆ ಇಂಥ ಕಥೆಗಳಿಗೆ ಬರವಿಲ್ಲ. "ನಿದ್ದಿಗಣ್ಣಾಗ ನೋಡೀರಿ, ಬಿಡ್ರಿ" ಎಂದು, ಅಂಥ ಕಥೆ ಹೇಳಿದವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನಗೆ ಹಾಗೆಯೇ ಅಂದರೂ ಸಿಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ಗಿರಿಜಮ್ಮನ ವಿಷಯ. ಹತ್ತನೇ ವಯಸ್ಸಿಗೆ ನಾಟಕ ಕಂಪನಿ ಸೇರಿ, ಬಾಲಕನ ಪಾತ್ರದಿಂದ ರಾಣಿಯ ಪಾತ್ರದವರೆಗೆ ಬೆಳೆದಾಕೆ. ಕಂಪನಿ ಮುಚ್ಚಿದ ಮೇಲೆ ಹಳ್ಳಿ ನಾಟಕಗಳಿಗೆ ಹೋಗುತ್ತಿದ್ದಳು. ನಮ್ಮ ಕಡೆ ಗಂಡು ಪಾತ್ರಗಳನ್ನು ಊರವರೇ ಮಾಡಿ, ಹೆಣ್ಣು ಪಾತ್ರಕ್ಕೆ ಬಳ್ಳಾರಿಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಗಿರಿಜಮ್ಮ ಬರುತ್ತಾಳೆಂದರೆ ಗಡಿಯಾಚೆಯ ತೆಲುಗು ಹಳ್ಳಿಗಳಿಂದಲೂ ಟ್ರ್ಯಾಕ್ಟರ್ ತುಂಬಿ ಜನ ಬರುತ್ತಿದ್ದರು. ಮೈಕು ಕೈಕೊಟ್ಟರೂ ಕೊನೆಯ ಸಾಲಿನವನಿಗೆ ಒಂದೊಂದು ಅಕ್ಷರ ಬಿಡಿಯಾಗಿ ಕೇಳುತ್ತಿತ್ತು.

ಆ ದನಿಯನ್ನು ಕೆಡಿಸಿದವನು ನಾನು. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಅರ್ಥವಿಲ್ಲ.

ಹನ್ನೆರಡು ವರ್ಷದ ಹಿಂದೆ ಸಿರುಗುಪ್ಪದಲ್ಲಿ ನಾಟಕವಿತ್ತು. ಮಗನನ್ನು ಕಳೆದುಕೊಂಡ ರಾಣಿಯ ಹಾಡಿಗೆ ಜನ ಒನ್ಸ್ ಮೋರ್ ಕೂಗಿದರು. ಪ್ರತಿ ಒನ್ಸ್ ಮೋರ್‌ಗೂ ಶ್ರುತಿಯನ್ನು ಒಂದೊಂದು ಮನೆ, ಅಂದರೆ ಪೇಟಿಯ ಒಂದೊಂದು ಕೀಲಿ, ಮೇಲಕ್ಕೆ ಏರಿಸುವುದು ನಮ್ಮ ಪೇಟಿಯವರ ಹಮ್ಮು. ಚಪ್ಪಾಳೆ ಹಾಡಿದವಳಿಗೆ ಬಿದ್ದರೂ ಅರ್ಧ ನಮ್ಮದು ಎಂದುಕೊಳ್ಳುತ್ತೇವೆ. ಆಕೆಗೆ ನಾಲ್ಕು ದಿನದಿಂದ ಜ್ವರ, ಗಂಟಲು ನೋವು. ಬೇಡ ಎಂದು ಕಣ್ಣಿನಲ್ಲೇ ಕೇಳಿಕೊಂಡಳು. ನಾನು ಮೂರನೇ ಸಲವೂ ಏರಿಸಿದೆ. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಇನ್ನು ಹಾಡುವಂತಿಲ್ಲ ಎಂದರು ಡಾಕ್ಟರು. ಆಮೇಲೆ ಆಕೆಯ ಬಾಯಲ್ಲಿ ಉಳಿದದ್ದು ಪಿಸುಮಾತು ಮಾತ್ರ.

ನನ್ನನ್ನು ಬೈಯಲಿಲ್ಲ, ಒಂಬತ್ತು ವರ್ಷ ಮಾತೂ ಆಡಲಿಲ್ಲ. ಬಳ್ಳಾರಿಯ ಪಾರ್ವತಿನಗರದಲ್ಲಿ ಮಗಳ ಮನೆಯಲ್ಲಿದ್ದಳು. ಎರಡು ಸಲ ಆ ಬಾಗಿಲ ತನಕ ಹೋಗಿ, ಬಡಿಯಲು ಧೈರ್ಯ ಸಾಲದೆ ವಾಪಸು ಬಂದಿದ್ದೆ.

ಮೂರು ವರ್ಷದ ಹಿಂದೆ ಕುರುಗೋಡಿನಲ್ಲಿ ತಾಲೀಮಿಗೆ ಕರೆದರು. ಅದೇ ನಾಟಕ. ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ಊಟವಾದ ಮೇಲೆ ಕುಳಿತೆವು. ಕರೆಂಟ್ ಇರಲಿಲ್ಲ. "ಇಲ್ಲೇ ಬಾಜೂಕ ಕುಡತಿನ್ಯಾಗ ಕರೆಂಟ್ ತಯಾರಾಗತೈತಿ, ನಮಗ ಮಾತ್ರ ಬೀಸಣಿಗಿ" ಎಂದು ಹುಡುಗರು ನಗುತ್ತಿದ್ದರು. ರಾಣಿಯ ಪಾತ್ರಕ್ಕೆ ಸುನೀತಾ ಎಂಬ ಇಪ್ಪತ್ತೆರಡರ ಹುಡುಗಿ ಬಂದಿದ್ದಳು. ತನ್ನ ಶ್ರುತಿಯಲ್ಲಿ ಚೆನ್ನಾಗಿಯೇ ಹಾಡಿದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ, ನನಗೆ ಅದು ಸಾಲಲಿಲ್ಲ.

"ಇನ್ನೊಂದು ಮನಿ ಮ್ಯಾಲ ಹಾಡವ್ವ. ಗಿರಿಜಮ್ಮ ಇಲ್ಲಿಂದ ಹಾಡ್ತಿದ್ಳು" ಎಂದೆ.

"ಆಗವಲ್ದ್ರಿ ಮಾಸ್ತರ. ಗಂಟಲಾ ಉರಿಯಾಕ ಹತ್ತೈತಿ."

"ಆಗತೈತಿ, ಹಾಡು" ಎಂದು ಬೆರಳು ಮೇಲಕ್ಕೆ ಸರಿಸಿದೆ.

ಹುಡುಗಿ ಕಣ್ಣು ಮುಚ್ಚಿ ಶುರುಮಾಡಿದಳು. ಮೇಲಿನ ಸಾಲಿಗೆ ಬಂದಾಗ ದನಿ ಗಟ್ಟಿಯಾಯಿತು, ತುಂಬಿಕೊಂಡಿತು. ನಾನು ಸಂತೋಷದಿಂದ ತಲೆ ಎತ್ತಿದೆ. ಸುನೀತಾ ಬಾಯಿ ಮುಚ್ಚಿಕೊಂಡು, ಗಂಟಲ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಹಾಡು ನಡೆದೇ ಇತ್ತು. ಅದು ನನ್ನ ಎಡಗಡೆಯಿಂದ, ಪೇಟಿಗೆ ಒಂದು ಮೊಳ ದೂರದಿಂದ ಬರುತ್ತಿತ್ತು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದ ದನಿ, ನನಗೆ ಗುರುತು ತಪ್ಪುತ್ತದೆಯೇ? ಮೇಲಿನ ಸ್ವರಕ್ಕೆ ಹೋಗಿ, ಸಿರುಗುಪ್ಪದಲ್ಲಿ ಒಡೆದಲ್ಲಿಯೇ ಒಡೆದು ನಿಂತಿತು.

ತಬಲಾದವನು ತಗ್ಗಿಸಿದ್ದ ತಲೆ ಎತ್ತದೆಯೇ, "ಯಾಕವ್ವ, ದನಿ ಒಡಕೊಂಡಿ?" ಎಂದು ಕೇಳಿದ. ಅವನಿಗೂ ಕೇಳಿಸಿತ್ತು.

"ನಾ ಹಾಡೇ ಇಲ್ರಿ" ಎಂದಳು ಸುನೀತಾ.

ನಾನು ಪೇಟಿ ಮುಚ್ಚಿದೆ. ಗಿರಿಜಮ್ಮ ತೀರಿಹೋದಳು ಎಂದೇ ನನ್ನ ಮನಸ್ಸು ಹೇಳಿತು. ಯಾರಿಗೂ ಏನೂ ಹೇಳದೆ ಬಳ್ಳಾರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಒಂದು ಮಾತು ತಪ್ಪಾಯಿತು ಎನ್ನದೆ ಒಂಬತ್ತು ವರ್ಷ ಕಳೆದೆನಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ. ಮನೆ ಮುಂದೆ ಶಾಮಿಯಾನ, ಜನ ಇರುತ್ತಾರೆಂದು ಎದೆ ಗಟ್ಟಿಮಾಡಿಕೊಂಡು ಓಣಿ ತಿರುಗಿದೆ.

ಗಿರಿಜಮ್ಮ ಬಾಗಿಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಕಲ್ಲೊಂದನ್ನು ತೆಗೆದು ಪಕ್ಕಕ್ಕೆ ಹಾಕಿ, ಆ ಪಿಸುದನಿಯಲ್ಲಿ ಕೇಳಿದಳು:

"ಆ ಹುಡುಗಿ ಗಂಟಲಾ ಹ್ಯಾಂಗೈತ್ರಿ, ಮಾಸ್ತರ?"

ಕಟ್ಟೆಯ ತುದಿಗೆ ಕೂತುಬಿಟ್ಟೆ. "ಚಲೋ ಐತ್ರಿ. ನಿಲ್ಲಿಸಿಬಿಟ್ಟೆ. ನನ್ನದು ತಪ್ಪಾತ್ರಿ, ಗಿರಿಜಮ್ಮ" ಎಂದೆ. ಕುರುಗೋಡಿನ ತಪ್ಪೋ ಸಿರುಗುಪ್ಪದ ತಪ್ಪೋ ಎಂದು ಆಕೆ ಕೇಳಲಿಲ್ಲ. ನಾನು ನಾಚಿಕೆ ಬಿಟ್ಟು ಅತ್ತೆ. ಆಕೆ ಅಕ್ಕಿ ಆರಿಸುತ್ತಲೇ ಇದ್ದಳು. ಆಮೇಲೆ ಮೊರ ಕೆಳಗಿಟ್ಟು, "ಆಕೀನ ಆಕಿ ಶ್ರುತಿಗೇ ಹಾಡಸ್ರಿ" ಎಂದಳು. ಮಗಳು ಚಹಾ ತಂದುಕೊಟ್ಟಳು.

ಆಮೇಲೆ ವಿಚಾರಿಸದೆ ಬಿಡಲಿಲ್ಲ. ಆಕೆಯ ಹತ್ತಿರ ಫೋನಿಲ್ಲ. ಮಗಳ ನಂಬರು ಗೋದಾಮಿನಲ್ಲಿದ್ದ ಯಾರಿಗೂ ಗೊತ್ತಿಲ್ಲ. ಅವ್ವ ಉಂಡು ಮಲಗಿದ್ದಳು, ನಾನು ಬರುವ ಸ್ವಲ್ಪ ಮೊದಲಷ್ಟೇ ಎದ್ದಳು ಎಂದು ಮಗಳು ಹೇಳಿದಳು. ಗಿರಿಜಮ್ಮನನ್ನೇ ಕೇಳಿದರೆ, "ಚಾ ಆರತೈತಿ, ಕುಡೀರಿ" ಎನ್ನುತ್ತಾಳೆ.

ಈಗ ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಸುನೀತಾ ಒಳ್ಳೆಯ ಹೆಸರು ಮಾಡಿದ್ದಾಳೆ. ಆ ಮಧ್ಯಾಹ್ನ ಹಾಡಿದ್ದು ಏನು, ಎಲ್ಲಿಂದ ಬಂತು, ನನಗೆ ಇಂದಿಗೂ ತಿಳಿದಿಲ್ಲ. ಗಿರಿಜಮ್ಮ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ಅದೂ ತಿಳಿದಿಲ್ಲ. ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಿಲ್ಲ.